ವರ್ಲೀನಳ ಮುಲುಗು

ಬೆಥೆಲ್ ಫೋರ್ಕ್, ಅಲಬಾಮಾ
೭ ಮಾರ್ಚ್ ೧೯೬೬

ಥೇರನ್,

ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ನೀನು ಚೆನ್ನಾಗಿದ್ದೀಯ ಎಂದು ರೇಡಿಯೋದವರು ದಿನಕ್ಕೆ ಆರು ಸಲ ಹೇಳುತ್ತಿದ್ದಾರೆ.

ಹೋದ ತಿಂಗಳು ಲಾಂಡ್ರಿಯಲ್ಲಿ ನಾನು ಇಸ್ತ್ರಿ ಮಾಡುತ್ತಿದ್ದಾಗ ನಿನ್ನ ಹೊಸ ಹಾಡು ಬಂತು. ಹುಡುಗಿಯರು ಶಬ್ದ ಜೋರು ಮಾಡಿ, ಓಜೆಲ್ಲಾ ಆಂಟಿ, ನಿಮ್ಮ ಹುಡುಗ ಬಂದ ಎಂದು ಕುಣಿದರು. ಡ್ರಮ್ ಬೀಳುವ ಮೊದಲೇ, ಮಾತು ಹುಟ್ಟುವ ಮೊದಲೇ, ನಿನ್ನ ತಾಯಿಯ ಮುಲುಗು ಕೇಳಿಸಿತು. ಕೈ ಹಾಗೇ ನಿಂತಿತು. ಪಾಸ್ಟರ್ ಅವರ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು ಕಂದಾಗಿ ಕೂತಿತು.

ನಿನಗೆ ಗೊತ್ತಿಲ್ಲದ್ದಲ್ಲ. ಆದರೆ ಮರೆತವನ ಹಾಗೆ ಮಾಡಿದ್ದೀಯ, ಅದಕ್ಕೆ ಬರೆಯುತ್ತೇನೆ. ಅದು ಹಾಡಲ್ಲ. ಅದಕ್ಕೆ ಮಾತಿಲ್ಲ. ಬಾಯಿ ಮುಚ್ಚಿಕೊಂಡು ಎದೆಯ ತಳದಿಂದ ತೆಗೆಯುವುದು. ನಮ್ಮ ಅಜ್ಜಿ ಸಾಯುವವರ ಪಕ್ಕ ಕೂತು ತೆಗೆಯುತ್ತಿದ್ದಳು, ಅವಳಿಂದ ವರ್ಲೀನಳಿಗೆ ಬಂತು. ನನಗೆ ಬರಲಿಲ್ಲ, ನನ್ನ ಗಂಟಲು ಹಳೇ ಗೇಟಿನ ಹಾಗೆ. ಮೂವತ್ತು ವರ್ಷ ಈ ಊರಿನಲ್ಲಿ ಯಾರ ಉಸಿರು ಸಣ್ಣಗಾದರೂ ಜನ ಡಾಕ್ಟರಿಗಿಂತ ಮೊದಲು ನಿನ್ನ ತಾಯಿಯನ್ನು ಕರೆದರು. ಆ ಸದ್ದು ಒಂದು ಮನೆಯಿಂದ ಬಂತೆಂದರೆ ಬೀದಿಯಲ್ಲಿ ಹೋಗುವ ಗಂಡಸರು ಟೋಪಿ ತೆಗೆಯುತ್ತಿದ್ದರು. ಅವಳು ಅದನ್ನು ಚರ್ಚಿನಲ್ಲೂ ತೆಗೆಯಲಿಲ್ಲ, ಬಟ್ಟೆ ಒಗೆಯುವಾಗಲೂ ತೆಗೆಯಲಿಲ್ಲ. ನಿನಗೆ ಅದು ಬಂದದ್ದು ಅವಳ ಲಂಗ ಹಿಡಿದುಕೊಂಡು ಆ ಕೋಣೆಗಳಿಗೆಲ್ಲ ಹೋಗಿದ್ದರಿಂದ. ಆಗಲೇ ಬೇಡ ಅಂದಿದ್ದೆ ನಾನು. ಚಿಕ್ಕ ಮಕ್ಕಳನ್ನು ಹೆಣದ ಹತ್ತಿರ ಕರಕೊಂಡು ಹೋಗಬೇಡ ಅಂದಿದ್ದೆ.

ಈಗ ಏನಾಯಿತು ಕೇಳು. ಗುರುವಾರ ಮಧ್ಯಾಹ್ನ ಮುದುಕ ಎನೊಸ್ ಟಾರ್ವರ್‌ನಿಗೆ ಕೊನೆಗಾಲ ಬಂತು. ಪೀಚ್ ಹಣ್ಣು ಮಾರುತ್ತಿದ್ದನಲ್ಲ, ಅವನೇ. ನಿನ್ನ ತಾಯಿ ಹೋಗಿ ಕೈ ಹಿಡಿದು ಕೂತಳು. ನಾನೂ ಹೋಗಿದ್ದೆ. ಅವಳು ಮುಲುಗು ಹಿಡಿದಳು. ಬಾಗಿಲಲ್ಲಿ ನಿಂತಿದ್ದ ಅವನ ಮೊಮ್ಮಗಳು, ಬರ್ಮಿಂಗ್‌ಹ್ಯಾಮಿನಿಂದ ಬಂದವಳು, ಚಿಟಿಕೆ ಹಾಕತೊಡಗಿದಳು. ಕೇಡಿಗೆ ಅಲ್ಲ. ನಿನ್ನ ಹಾಡು ಅವಳ ಕೈಗೆ ಮೊದಲು ನೆನಪಾಯಿತು, ತಲೆಗೆ ಆಮೇಲೆ. ಮುದುಕ ಕಣ್ಣು ಬಿಟ್ಟ.

"ರೇಡಿಯೋ ಆರಿಸ್ರಪ್ಪ," ಅಂದ. "ಸಿಸ್ಟರ್ ವರ್ಲೀನ್ ಬರ್ಲಿ."

ವರ್ಲೀನ್ ಅವನ ಪಕ್ಕದಲ್ಲೇ ಇದ್ದಳು. ಅವನ ಕೈ ಅವಳ ಕೈಯಲ್ಲೇ ಇತ್ತು. ಅವಳ ಮುಲುಗು ಅಲ್ಲಿಗೆ ನಿಂತಿತು, ಆಮೇಲೆ ಬರಲಿಲ್ಲ. ಎನೊಸ್ ಅವಳಿಗಾಗಿ ಕಾಯುತ್ತಲೇ ಹೋದ.

ನಿನ್ನ ತಾಯಿ ನಿನ್ನ ಬಗ್ಗೆ ಒಂದು ಮಾತೂ ಆಡಿಲ್ಲ. ಅದಕ್ಕೇ ನಾನು ಆಡುತ್ತಿದ್ದೇನೆ. ಪರ್ಸಿನಿಂದ ಕದ್ದಿದ್ದರೆ ಕಪಾಳಕ್ಕೆ ಒಂದು ಕೊಟ್ಟು ಸುಮ್ಮನಾಗುತ್ತಿದ್ದೆ.

ನಿನ್ನ ತಾಯಿಯ ಅಕ್ಕ,
ಓಜೆಲ್ಲಾ ಗ್ಯಾಂಟ್


ಡೆಟ್ರಾಯಿಟ್
೨೯ ಮಾರ್ಚ್ ೧೯೬೬

ದೊಡ್ಡಮ್ಮನವರಿಗೆ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಮೂರರಲ್ಲೂ ನಾನು ಬಹಳ ಒಳ್ಳೆಯವನಾಗಿದ್ದೆ.

ನಡೆದದ್ದು ಇಷ್ಟು. ಆ ಹಾಡು ಸ್ಟುಡಿಯೋದಲ್ಲಿ ಎರಡು ದಿನವಾದರೂ ಕೂಡಿಬರಲಿಲ್ಲ. ನನ್ನನ್ನು ಇಲ್ಲಿಗೆ ಕರೆತಂದ ಚರ್ಚ್ ಹಾಡಿನ ತಂಡ ಒಡೆದುಹೋದದ್ದು ನಿಮಗೆ ಗೊತ್ತು. ನಾಲ್ಕು ಜನರಲ್ಲಿ ಒಬ್ಬ ಈಗ ಬಸ್ ಓಡಿಸುತ್ತಾನೆ, ಒಬ್ಬ ಜೈಲಿನಲ್ಲಿದ್ದಾನೆ, ಒಬ್ಬ ದೇವರ ಹತ್ತಿರ ಹೋದ. ಉಳಿದವನು ನಾನು. ಮೊದಲ ಎರಡು ರೆಕಾರ್ಡು ಯಾರೂ ಕೇಳಲಿಲ್ಲ. ಇದೂ ಬಿದ್ದರೆ ಮನೆಗೆ ಹೋಗು ಎಂದು ಕಂಪನಿಯವರು ಹೇಳಿದ್ದರು. ಎರಡು ದಿನ ನಾನು ನಿದ್ದೆ ಮಾಡಿರಲಿಲ್ಲ. ಎಚ್ಚರವಿರಲು ಇವರು ಮಾತ್ರೆ ಕೊಡುತ್ತಾರೆ, ಮಲಗಲು ಇನ್ನೊಂದು ಬಣ್ಣದ್ದು. ಎಲ್ಲರೂ ಊಟಕ್ಕೆ ಎದ್ದರು. ನಾನು ಪಿಯಾನೋದ ಮೇಲೆ ತಲೆ ಇಟ್ಟೆ. ಸತ್ತೇ ಹೋಗುತ್ತೇನೆ ಅನಿಸಿತು. ಆಗ ಅದು ತಾನಾಗಿ ಬಂತು. ನನ್ನ ಪಕ್ಕ ನಾನೇ ಕೂತ ಹಾಗೆ.

ಗಾಜಿನ ಆಚೆ ಟೇಪು ತಿರುಗುತ್ತಿತ್ತು. ಅದನ್ನು ಕತ್ತರಿಸಿ ಹಾಡಿನ ಮೊದಲಿಗೆ ಅಂಟಿಸಿದರು. ನನಗೆ ಕೇಳಿಸಿ, ಇರಲಾ ಎಂದು ಕೇಳಿದರು. ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದರೆ ತಪ್ಪು ಯಂತ್ರದ್ದಾಗುತ್ತಿತ್ತು. ಆದರೆ ಅವರು ಕೇಳಿದರು ದೊಡ್ಡಮ್ಮ. ನಾನು ಇರಲಿ ಅಂದೆ.

ಎನೊಸ್ ತಾತನ ಸುದ್ದಿ ಓದಿ ಎದ್ದು ರೇಡಿಯೋ ಆರಿಸಿದೆ. ಅವರು ಚರ್ಚಿನಲ್ಲಿ ನನ್ನನ್ನು ಹಣ್ಣಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿ ಹಾಡಿಸುತ್ತಿದ್ದರು. ಅಮ್ಮ ನನ್ನ ಬಗ್ಗೆ ನಿಜವಾಗಿ ಏನೂ ಅನ್ನಲಿಲ್ಲವೇ? ಬೈದಿದ್ದರೆ ಬರೆಯಿರಿ. ಅವಳು ಸುಮ್ಮನಿದ್ದರೆ ನನಗೆ ಹೆದರಿಕೆ.

ನಿಮ್ಮ ಥೇರನ್


ಬೆಥೆಲ್ ಫೋರ್ಕ್
೧೮ ಏಪ್ರಿಲ್ ೧೯೬೬

ಥೇರನ್,

ಬೈದಿಲ್ಲ. ನಿನ್ನ ಪತ್ರವನ್ನು ಓದಿ ಹೇಳಿದೆ, ಬಟಾಣಿ ಸುಲಿಯುತ್ತ ಕೇಳಿದಳು. ಮುಗಿದ ಮೇಲೆ ಮಾತ್ರೆ ಯಾವುದಕ್ಕೆ ಎಂದು ಕೇಳಿದಳು. ಅಷ್ಟೇ.

ಈಸ್ಟರ್ ಆದ ಮೇಲೆ ಇಬ್ಬರು ಸತ್ತರು. ಎರಡೂ ಮನೆಯವರು ಬಂದು ಕರೆದರು. ಅವಳು ಹೋದಳು, ಕೈ ಹಿಡಿದು ಕೂತಳು, ಎದ್ದು ಬಂದಳು. ಮುಲುಗು ಹಿಡಿಯಲಿಲ್ಲ. ಹಿಂದೆ ಗುಸುಗುಸು ಶುರುವಾಗಿದೆ. ಮಗ ದೊಡ್ಡವನಾದ ಮೇಲೆ ವರ್ಲೀನಳ ಸದ್ದು ತುಟ್ಟಿಯಾಗಿದೆ ಎಂದು ಫ್ಯಾನಿ ಬೋಲಿಂಗ್ ಚರ್ಚಿನ ಅಡಿಗೆಮನೆಯಲ್ಲಿ ಅಂದಳಂತೆ. ನಾನು ಹೋಗಿ, ನೀನು ಸಾಯುವಾಗ ನಿನ್ನ ಗಂಡನ ಗೊರಕೆಯೇ ಸಾಕು ನಿನಗೆ ಅಂದು ಬಂದೆ.

ಇನ್ನೊಂದು ವಿಷಯ. ಅವಳ ಸಕ್ಕರೆ ಕಾಯಿಲೆ ಹೆಚ್ಚಾಗಿದೆ. ಎಡಗಾಲಿನ ಹೆಬ್ಬೆರಳು ಕಪ್ಪಗಿದೆ. ಹೂವು ಕಳಿಸಬೇಡ. ಅಂಗಡಿಯ ಹೂವು ನೋಡಿದರೆ ಅವಳಿಗೆ ಯಾರೋ ಸತ್ತರು ಅನಿಸುತ್ತದೆ. ನೀನೇ ಬಾ.

ಓಜೆಲ್ಲಾ


ಕ್ಲೀವ್‌ಲ್ಯಾಂಡ್
೨೬ ಜೂನ್ ೧೯೬೬

ದೊಡ್ಡಮ್ಮನವರಿಗೆ,

ಹೋಟೆಲಿನ ಕಾಗದದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಏಳು ವಾರದಲ್ಲಿ ಮೂವತ್ತೊಂದು ಊರು. ಹಾಡು ಎಲ್ಲೆಲ್ಲೂ ಮೊದಲನೆಯದಾಗಿ ನಿಂತಿದೆ. ಜನರಿಗೆ ಹಾಡು ಬೇಡ, ಅದರ ಮೊದಲಿನದು ಬೇಕು. ಕತ್ತಲೆಯಿಂದ ಕೂಗುತ್ತಾರೆ, ಮೊದಲು ಅದು ಮಾಡು, ಅದು ಮಾಡು ಎಂದು. ಒಂದು ಸಂಜೆಗೆ ಎರಡು ಸಲ. ಮೇ ತಿಂಗಳಲ್ಲಿ ಅದು ಬರುವುದು ನಿಂತಿತು. ಬಾಯಿ ಮುಚ್ಚಿ ಎದೆಯನ್ನು ತಡಕಿದರೆ ಅಲ್ಲಿ ಏನೂ ಇಲ್ಲ. ಈಗ ನನ್ನ ಹಿಂದೆ ನಿಂತು ಹಾಡುವ ಮೂವರು ಹೆಂಗಸರಲ್ಲಿ ಒಬ್ಬಳು ಅದನ್ನು ಮಾಡುತ್ತಾಳೆ, ನಾನು ಮೈಕಿಗೆ ಮುಖ ಒತ್ತಿ ನಿಲ್ಲುತ್ತೇನೆ. ಯಾರಿಗೂ ಗೊತ್ತಾಗಲಿಲ್ಲ. ಟೊಲೀಡೋದಲ್ಲಿ ಗೊತ್ತಾಯಿತು. ಸೀಸೆ ಎಸೆದರು.

ಆಗಸ್ಟಿನಲ್ಲಿ ನಮ್ಮ ಚರ್ಚಿನ ಕೂಟದ ವಾರಕ್ಕೆ ಬರುತ್ತೇನೆ. ಖಂಡಿತ. ಅಮ್ಮನಿಗೆ ಹೇಳಿ.

ಥೇರನ್


ಬೆಥೆಲ್ ಫೋರ್ಕ್
೫ ಸೆಪ್ಟೆಂಬರ್ ೧೯೬೬

ಥೇರನ್,

ಕೂಟದ ವಾರ ಬಂತು, ಹೋಯಿತು. ಅಮ್ಮನಿಗೆ ಹೇಳಿ ಎಂದು ನೀನು ಬರೆದೆ, ನಾನು ಹೇಳಿದ್ದೆ. ಅವಳು ಗಾಲಿಕುರ್ಚಿಯಲ್ಲಿ ಏಳು ದಿನವೂ ಹೊಸ ಟೋಪಿ ಹಾಕಿಕೊಂಡು ಬಾಗಿಲ ಕಡೆಯ ಸಾಲಿನಲ್ಲಿ ಕೂತಳು. ಹೌದು, ಗಾಲಿಕುರ್ಚಿ. ಜುಲೈಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನಿನಗೆ ಬರೆಯಬೇಡ ಅಂದಳು, ಹಾಡುವಾಗ ಅದೇ ತಲೆಯಲ್ಲಿ ಕೂರುತ್ತದೆ ಅಂದಳು. ಅದಕ್ಕೆ ಬರೆಯಲಿಲ್ಲ.

ಈಗ ಅವಳನ್ನು ಕೇಳದೆ ಬರೆಯುತ್ತಿದ್ದೇನೆ. ವಿಷ ಮೇಲೇರಿದೆ. ಇನ್ನೊಂದು ಸಲ ಕತ್ತರಿಸಲು ಅವಳು ಒಪ್ಪಲಿಲ್ಲ. ಡಾಕ್ಟರ್ ಎಲೆ ಉದುರುವವರೆಗೆ ಅಂದರು.

ನಿನ್ನೆ ಅವಳ ತಲೆ ಬಾಚುತ್ತಿದ್ದೆ. ಕನ್ನಡಿ ಕೆಳಗಿಟ್ಟು ಕೇಳಿದಳು.

"ಅಕ್ಕಾ, ಎಲ್ಲರಿಗೂ ನಾನು ಮುಲುಗು ಹಿಡಿದೆ. ನನಗ್ಯಾರು ಹಿಡೀತಾರೆ?"

ನಾನಿದ್ದೀನಲ್ಲ ಅಂದೆ. ಅವಳು ನಕ್ಕಳು. ನೀನು ಬಾಯಿ ಬಿಟ್ರೆ ಸತ್ತೋರೂ ಎದ್ದು ಓಡ್ತಾರೆ ಅಂದಳು. ಇಬ್ಬರೂ ನಕ್ಕೆವು. ಅವಳು ನಗು ನಿಲ್ಲಿಸಿದ ಮೇಲೂ ನಾನು ನಗುತ್ತಲೇ ಇದ್ದೆ, ಅವಳ ಮುಖ ನೋಡಲು ಧೈರ್ಯವಾಗಲಿಲ್ಲ.

ನಿನಗೆ ಬರುವುದಿಲ್ಲ ಎಂದು ಬರೆದಿದ್ದೀಯ. ಅದು ಅಲ್ಲಿ. ಇಲ್ಲಿ ಅವಳ ಕೈ ಹಿಡಿದರೆ ಬರುತ್ತದೆ. ಬರದಿದ್ದರೆ ಸುಮ್ಮನೆ ಕೂರು. ನಾನು ಯಾರಿಗೂ ದಯವಿಟ್ಟು ಎಂದು ಬರೆದವಳಲ್ಲ. ದಯವಿಟ್ಟು ಬಾ.

ಓಜೆಲ್ಲಾ


ಡೆಟ್ರಾಯಿಟ್
೧೩ ಸೆಪ್ಟೆಂಬರ್ ೧೯೬೬

ದೊಡ್ಡಮ್ಮ,

ಶನಿವಾರ ಮಧ್ಯಾಹ್ನದೊಳಗೆ ಮನೆಯಲ್ಲಿರುತ್ತೇನೆ. ಎಲ್ಲ ಬಿಟ್ಟು ಬರುತ್ತಿದ್ದೇನೆ. ಅವಳನ್ನು ಅಲ್ಲಿಯವರೆಗೆ ಹಿಡಿದಿಡಿ.

ಥೇರನ್


ಬೆಥೆಲ್ ಫೋರ್ಕ್
೩೦ ಅಕ್ಟೋಬರ್ ೧೯೬೬

ಥೇರನ್,

ನೀನು ಬಂದು ಹೋದ ಮೂರನೆಯ ದಿನ, ಮಂಗಳವಾರ ಬೆಳಿಗ್ಗೆ ನಿನ್ನ ತಾಯಿ ಹೋದಳು. ತಂತಿ ಕೊಟ್ಟೆ. ಉತ್ತರದ ಕಡೆ ಇರುವ ಮಕ್ಕಳು ಬರುವವರೆಗೆ ಹೆಣ ಇಡುವುದು ನಮ್ಮಲ್ಲಿ ಇದ್ದದ್ದೇ, ಎಂಟು ದಿನ ಇಟ್ಟೆವು. ಹತ್ತು ದಿನ ಇಡೋಣ ಎಂದು ಪಾಸ್ಟರ್ ಅಂದರು. ನಾನು ಸಾಕು ಅಂದೆ. ಮುಂದಿನ ಸಾಲಿನಲ್ಲಿ ಮಗನ ಜಾಗ ಖಾಲಿ ಬಿಟ್ಟಿದ್ದರು. ಅದರ ಪಕ್ಕ ನಾನು ಕೂತೆ. ನನ್ನ ಕೈಚೀಲ ಅಲ್ಲಿಡಲೂ ಮನಸ್ಸಾಗಲಿಲ್ಲ.

ಒಂದು ತಿಂಗಳಿಂದ ಈ ಪತ್ರ ಬರೆಯಲು ನೋಡುತ್ತಿದ್ದೇನೆ. ಆ ಶನಿವಾರದ ಲೆಕ್ಕ ನನ್ನ ಕಡೆಯಿಂದ ಹೇಳಬೇಕು.

ನೀನು ಕಾರಿನಿಂದ ಇಳಿದಾಗ ನಾನು ಕಿಟಕಿಯಲ್ಲಿದ್ದೆ. ಮೆಟ್ಟಿಲು ಹತ್ತಲು ನಿನಗೆ ಮೂರು ಸಲ ಬೇಕಾಯಿತು. ಕಣ್ಣು ಗಾಜಿನ ಗೋಲಿಯ ಹಾಗಿತ್ತು. ಅಷ್ಟಕ್ಕೆ ನಾನು ಬಾಗಿಲು ಹಾಕುತ್ತಿರಲಿಲ್ಲ. ಕುಡಿದ ಗಂಡಸರನ್ನು ಒಳಗೆ ಎಳೆದುಕೊಂಡು ನನಗೆ ಅಭ್ಯಾಸವಿದೆ, ನಿನ್ನ ದೊಡ್ಡಪ್ಪನನ್ನು ಹದಿನೆಂಟು ವರ್ಷ ಎಳೆದಿದ್ದೇನೆ. ಆದರೆ ನಿನ್ನ ಹಿಂದೆ ಆ ಸೂಟಿನ ಮನುಷ್ಯ ಇಳಿದ. ಅವನ ಕೈಯಲ್ಲಿ ಪೆಟ್ಟಿಗೆ. ಮೈಕಿನ ತಂತಿ ಮುಚ್ಚಳದಿಂದ ಹೊರಗೆ ಜೋತುಬಿದ್ದಿತ್ತು. ಏನದು ಎಂದು ನಾನು ಕೇಳಿದ್ದಕ್ಕೆ ನೀನು ತಲೆ ತಗ್ಗಿಸಿದೆ. ಅವನೇ ನಗುತ್ತ ಹೇಳಿದ, ಮ್ಯಾಡಮ್, ಮೂಲೆಯಲ್ಲಿ ಇಡ್ತೀವಿ, ನಿಮಗೆ ಗೊತ್ತೂ ಆಗಲ್ಲ ಎಂದು.

ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ಮಾತು ನಿನಗೆ ನೆನಪಿದೆಯೋ ಇಲ್ಲವೋ.

"ಒಂದ್ಸಲ ಕದ್ದೆ, ತಾನಾಗಿ ಬಂತು ಅಂದೆ. ಈಗ ಸಾಮಾನು ಕಟ್ಕೊಂಡು ಬಂದಿದ್ದೀಯ."

ಒಳಗಿನಿಂದ ಅವಳು ಕೇಳಿದಳು. ಅವಳ ದನಿ ಆಗಲೇ ನೂಲಿನಷ್ಟಿತ್ತು.

"ಯಾರಕ್ಕಾ ಅದು?"

"ವಿಮೆಯವ್ನು," ಅಂದೆ. "ಕಳಿಸ್ತಿದ್ದೀನಿ."

ಅವಳು ಮತ್ತೆ ಕೇಳಲಿಲ್ಲ. ನೀವು ಹೊರಟಿರಿ.

ಮಂಗಳವಾರ ಅವಳ ಉಸಿರು ಬಿಟ್ಟುಬಿಟ್ಟು ಬಂತು. ಚರ್ಚಿನ ಹೆಂಗಸರು ಸುತ್ತ ಕೂತಿದ್ದರು. ಒಬ್ಬರಿಗೂ ಮುಲುಗು ಬರಲಿಲ್ಲ. ನಾನು ಪ್ರಯತ್ನಪಟ್ಟೆ. ಎಂಥ ಸದ್ದು ಬಂತೆಂದರೆ ಫ್ಯಾನಿ ನನ್ನ ಭುಜ ಹಿಡಿದಳು. ಊರಿನ ಅರ್ಧ ಜನರನ್ನು ಕಳಿಸಿಕೊಟ್ಟವಳು ಬೀಸಣಿಗೆಯ ಸದ್ದು ಕೇಳುತ್ತ ಹೋದಳು.

ಪೆಟ್ಟಿಗೆಯ ವಿಷಯಕ್ಕೆ ನಿನ್ನ ಮುಖ ನೋಡಲು ನನಗೆ ಇಷ್ಟವಿಲ್ಲ. ಆದರೆ ಅವಳಿಗೆ ಸುಳ್ಳು ಹೇಳಿದವಳು ನಾನು. ಆ ಮನುಷ್ಯನನ್ನು ಕಾರಿನಲ್ಲಿ ಕೂರಿಸಿ, ನಿನ್ನ ಕತ್ತು ಹಿಡಿದು ಒಳಗೆ ತಂದು ಕೂರಿಸಬಹುದಿತ್ತು. ಆ ಹೊತ್ತಿಗೆ ತೋಚಲಿಲ್ಲ. ಸಿಟ್ಟು ಬಂದರೆ ನನಗೆ ಮುಂದಿನದು ಕಾಣುವುದಿಲ್ಲ, ಅದು ನಿನಗೆ ಗೊತ್ತು.

ನಿನಗೆ ತಾಯಿಯನ್ನು ತಪ್ಪಿಸಿದೆ. ಅವಳಿಗೆ ನಿನ್ನನ್ನು ತಪ್ಪಿಸಿದೆ. ಅದಕ್ಕೆ ತಪ್ಪಾಯಿತು ಎಂದು ಬರೆಯುತ್ತಿದ್ದೇನೆ. ಅಷ್ಟಕ್ಕೆ ಮಾತ್ರ.

ಓಜೆಲ್ಲಾ


ಡೆಟ್ರಾಯಿಟ್
೨೨ ಜನವರಿ ೧೯೬೭

ದೊಡ್ಡಮ್ಮ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಅಕ್ಷರ ನಡುಗಿದರೆ ಅದು ಮಾತ್ರೆ ಬಿಟ್ಟದ್ದಕ್ಕೆ. ಇಲ್ಲಿ ಆರು ವಾರವಾಯಿತು. ಕಂಪನಿಯವರು ಒಂದು ಸಲ ಬಂದರು, ಕಾಗದಕ್ಕೆ ಸಹಿ ಮಾಡಿಸಿಕೊಂಡರು, ಇನ್ನು ನಾನು ಅವರವನಲ್ಲ. ಚಿಕಾಗೋದ ಒಬ್ಬ ಹುಡುಗ ಈಗ ಅದೇ ಥರ ಮುಲುಗಿ ಹಾಡು ಶುರು ಮಾಡುತ್ತಾನೆ. ವಾರ್ಡಿನ ರೇಡಿಯೋದಲ್ಲಿ ಬರುತ್ತದೆ. ಚೆನ್ನಾಗಿಯೇ ಮಾಡುತ್ತಾನೆ. ಅವನಿಗೆ ಅದು ಯಾತರದ್ದು ಎಂದು ಗೊತ್ತಿಲ್ಲ.

ನಿಮ್ಮ ತಂತಿ ಬಂದಾಗ ನಾನು ಮನೆಯಲ್ಲೇ ಇದ್ದೆ. ತೆರೆಯಲಿಲ್ಲ. ಏನಿದೆ ಎಂದು ಗೊತ್ತಿತ್ತು.

ಪೆಟ್ಟಿಗೆಯ ವಿಷಯದಲ್ಲಿ ನೀವು ಊಹಿಸಿದ್ದು ಸರಿ. ನನಗೆ ಬರುವುದು ನಿಂತಿದೆ ಎಂದು ಕಂಪನಿಯವರಿಗೆ ಗೊತ್ತಾಗಿತ್ತು. ಅಮ್ಮನ ಹತ್ತಿರ ಬರುತ್ತದೆ ಎಂದು ನಾನೇ ಬಾಯಿಬಿಟ್ಟೆ. ಹಾಗಾದರೆ ಅಲ್ಲೇ ಟೇಪಿಗೆ ಹಿಡಿಯೋಣ ಅಂದರು. ನಾನು ಬೇಡ ಅನ್ನಲಿಲ್ಲ. ಅವರ ಕಾರಿನಲ್ಲೇ ಬಂದೆ.

ಆದರೆ ನೀವು ತಪ್ಪಾಯಿತು ಎಂದು ಬರೆದದ್ದನ್ನು ನಾನು ಇಟ್ಟುಕೊಳ್ಳಲಾರೆ. ಅದು ನನಗೆ ಸಲ್ಲುವುದಲ್ಲ.

ಅಮ್ಮ ಕೇಳಿದ್ದು ನನಗೆ ಕೇಳಿಸಿತು. ಯಾರಕ್ಕಾ ಅದು ಎಂದದ್ದು. ನೀವು ವಿಮೆಯವನು ಅಂದದ್ದೂ ಕೇಳಿಸಿತು. ಮಂಚ ಬಾಗಿಲಿನಿಂದ ಎಷ್ಟು ದೂರ, ಎಂಟು ಹೆಜ್ಜೆ. ನಾನು ಅಮ್ಮಾ ಅಂದಿದ್ದರೆ ಸಾಕಿತ್ತು. ನೀವು ಅಡ್ಡ ನಿಂತಿದ್ದು ನನ್ನ ಕಾಲಿಗೆ, ಬಾಯಿಗಲ್ಲ. ಕುಡಿದಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೇನೂ ಕುಡಿದಿರಲಿಲ್ಲ. ನೀವು ಆ ಸುಳ್ಳು ಹೇಳಿದಾಗ ಏನನಿಸಿತು ಗೊತ್ತೇ? ಬದುಕಿಕೊಂಡೆ ಅನಿಸಿತು. ಒಳಗೆ ಹೋಗಿ, ಅವಳ ಕೈ ಹಿಡಿದು, ಬಾಯಿ ಮುಚ್ಚಿ, ಏನೂ ಬರದೇ ಹೋದರೆ ಎಂಬ ಹೆದರಿಕೆ ದಾರಿಯುದ್ದಕ್ಕೂ ಇತ್ತು. ನೀವು ನನ್ನನ್ನು ಬಿಡಿಸಿದಿರಿ. ಕಾರಿನಲ್ಲಿ ಕೂತು ಮಾಂಟ್ಗೊಮರಿಯವರೆಗೆ ನಿದ್ದೆ ಮಾಡಿದೆ. ಎಷ್ಟೋ ತಿಂಗಳ ಮೇಲೆ ಮಾತ್ರೆ ಇಲ್ಲದ ನಿದ್ದೆ.

ಅವಳಿಗೆ ಗೊತ್ತಾಗಲಿಲ್ಲ ಎಂಬುದೊಂದೇ ನನಗೆ ಉಳಿದಿರುವುದು. ಮಗ ಬರಲೇ ಇಲ್ಲ ಅಂದುಕೊಂಡು ಹೋದಳು. ಬಂದು ಸುಮ್ಮನೆ ನಿಂತಿದ್ದ ಎಂಬುದಕ್ಕಿಂತ ಅದು ವಾಸಿ.

ಥೇರನ್


ಬೆಥೆಲ್ ಫೋರ್ಕ್
೯ ಫೆಬ್ರವರಿ ೧೯೬೭

ಥೇರನ್,

ನಿನ್ನ ಪತ್ರ ಓದಿ ಒಲೆಗೆ ಹಾಕಲು ಎದ್ದೆ. ಎರಡು ಸಲ ಎದ್ದೆ. ಈಗ ಬೈಬಲ್ಲಿನೊಳಗೆ ಇದೆ, ಒಳ್ಳೆಯ ಕಾಗದ ಎಂದಲ್ಲ, ಬೇರೆಲ್ಲೂ ಇಡಲು ತೋಚಲಿಲ್ಲ.

ನಾಲ್ಕು ತಿಂಗಳು ನಿನ್ನನ್ನು ತಡೆದವಳು ನಾನು ಎಂದು ಊಟ ಬಿಟ್ಟೆ. ಲಾಂಡ್ರಿ ಬಿಟ್ಟೆ. ಬಾಗಿಲ ಕಡೆ ನೋಡಿದರೆ ನಾನೇ ಅಡ್ಡ ನಿಂತ ಹಾಗೆ ಕಾಣುತ್ತಿತ್ತು. ನೀನು ಬದುಕಿಕೊಂಡೆ ಅನ್ನುತ್ತೀಯ. ಕಾರಿನಲ್ಲಿ ನಿದ್ದೆ ಮಾಡಿದೆ ಅನ್ನುತ್ತೀಯ. ನೀನು ಆಸ್ಪತ್ರೆಯಲ್ಲಿಲ್ಲದಿದ್ದರೆ ರೈಲು ಹತ್ತಿ ಬಂದು ನಾಲ್ಕು ಬಾರಿಸುತ್ತಿದ್ದೆ.

ಹೋದ ಪತ್ರದಲ್ಲಿ ಒಂದನ್ನು ಬರೆಯದೆ ಬಿಟ್ಟೆ. ನಿನಗೆ ನೋವಾಗಬಾರದೆಂದು ಬಿಟ್ಟೆ, ನನ್ನ ಜಾಯಮಾನದಲ್ಲಿ ಮೊದಲ ಸಲ. ಅವಳಿಗೆ ಗೊತ್ತಾಗಲಿಲ್ಲ ಎಂಬುದನ್ನು ತಲೆದಿಂಬು ಮಾಡಿಕೊಂಡಿದ್ದೀಯ, ಅದಕ್ಕೆ ಈಗ ಬರೆಯುತ್ತೇನೆ. ಒಬ್ಬಳೇ ಹೊತ್ತದ್ದು ಸಾಕು.

ಆ ಶನಿವಾರ ನೀನು ಇನ್ನೂ ಮೆಟ್ಟಿಲ ಮೇಲಿದ್ದೆ. ನಾನು ಬಾಗಿಲು ಮುಂದೆ ಮಾಡಿ ಒಳಗೆ ಬಂದೆ. ಅವಳು ಮೊಣಕೈ ಊರಿ ಅರ್ಧ ಎದ್ದಿದ್ದಳು, ಎರಡು ವಾರದಿಂದ ತಾನಾಗಿ ಏಳದವಳು. ಕಣ್ಣು ಬಾಗಿಲ ಮೇಲಿತ್ತು.

"ಅಕ್ಕಾ," ಅಂದಳು. "ವಿಮೆಯವ್ನು ಬರೋದು ಸೋಮವಾರ."

ನಾನು ಬಾಯಿ ತೆರೆದೆ. ಅವಳು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು, ನಾನು ಮಾತಾಡಿದರೆ ಹೊರಗಿನದು ಕೇಳಿಸುವುದಿಲ್ಲ ಎಂಬ ಹಾಗೆ. ಕಾದಳು. ಕಾರಿನ ಬಾಗಿಲು ಒಂದು ಹಾಕಿಕೊಂಡಿತು. ಕಾದಳು. ಇನ್ನೊಂದು ಹಾಕಿಕೊಂಡಿತು. ಇಂಜಿನ್ನು ಶುರುವಾಗಿ, ಟಾರ್ವರ್ ಮನೆಯ ತಿರುವು ದಾಟಿ, ಸದ್ದು ಪೂರ್ತಿ ಹೋಗುವವರೆಗೂ ಆ ಮೊಣಕೈಯ ಮೇಲೇ ಇದ್ದಳು. ಆಮೇಲೆ ತಾನೇ ಮಲಗಿ ಗೋಡೆಯ ಕಡೆ ತಿರುಗಿದಳು. ಮಂಗಳವಾರದವರೆಗೆ ನನ್ನ ಕಡೆಯೂ ತಿರುಗಲಿಲ್ಲ.

ದೊಡ್ಡಮ್ಮ